ಅಂಗಳದ ತುಂಬ ಹಳೆ ಗಾಡಿ

ಹಳೆ ಗಾಡಿಗಳ ಹುಚ್ಚು ಒಮ್ಮೆ ಹಿಡಿಯಿತೆಂದರೆ, ಗಾಡಿ ನಡೆಯುವುದು ಬಿಡುವುದು ಆಮೇಲಿನ ಮಾತು, ಮನೆಯಲ್ಲಿ ಫಜೀತಿಗಳಂತೂ ನಡೆಯುತ್ತಲೇ ಇರುತ್ತವೆ. ನಾನು ಹಾವೇರಿ ಕೋರ್ಟಿನಲ್ಲಿ ವಕೀಲ. ಹಗಲು ಕರಿ ಕೋಟು, ಸಂಜೆ ಕರಿ ಕೈ. ಕೋಟಾದರೂ ಒಗೆದರೆ ಸ್ವಚ್ಛವಾಗುತ್ತದೆ ಎನ್ನುವುದು ನನ್ನ ಹೆಂಡತಿಯ ತಕರಾರು.

ಈ ವರ್ಷದ ಫಜೀತಿಗಳಿಗೆಲ್ಲ ಮೂಲ ನನ್ನ ಅಕ್ಕ. ಮಗಳ ಮದುವೆ ಗೊತ್ತಾದ ದಿನವೇ ಫೋನು ಮಾಡಿದಳು.

"ತಮ್ಮಾ, ನಾ ಅಪ್ಪನ ಕಾರಿನಾಗ ಗಂಡನ ಮನಿಗೆ ಹೋದಾಕಿ. ನನ್ನ ಮಗಳೂ ಅದ ಕಾರಿನಾಗ ಹೋಗಬೇಕು. ಊರಮಂದಿ ಹಳೇ ಗಾಡಿ ಎಲ್ಲಾ ಹುಡುಕಿ ತರ್ತಿ, ಅಪ್ಪಂದೊಂದು ಹುಡುಕಾಕ ಆಗೂದಿಲ್ಲೇನು?"

ನಮ್ಮ ಅಪ್ಪ ರಾಣೆಬೆನ್ನೂರಿನಲ್ಲಿ ಡಾಕ್ಟರಾಗಿದ್ದರು. ಉದ್ದ ಮೂತಿಯ ಬೂದು ಬಣ್ಣದ ಕಾರಿನಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಹೋಗಿಬರುತ್ತಿದ್ದರು. ಕಣ್ಣು ಮಂಜಾದ ಮೇಲೆ ಅದನ್ನು ಮಾರಿಬಿಟ್ಟರು. ಕೊಂಡವರು ಇನ್ಯಾರಿಗೋ ಕೊಟ್ಟರು, ಅವರು ಮತ್ಯಾರಿಗೋ. ಈಗ ಅಪ್ಪನೂ ಇಲ್ಲ. ಅಕ್ಕ ಹಾಗೆ ಕೇಳಿದಾಗ ಎಲ್ಲಿದ್ದರೂ ತರುತ್ತೇನೆ ಎಂದುಬಿಟ್ಟೆ.

ಜಪ್ತಿ ಮಾಲು

ಮೊದಲು ನನ್ನ ಕಕ್ಷಿದಾರರನ್ನೇ ವಿಚಾರಿಸತೊಡಗಿದೆ. ಹತ್ತು ಹಳ್ಳಿಯ ಜನ ಬರುವ ಮನೆ, ಯಾರಾದರೂ ಕಂಡಿರಬಹುದು ಎಂಬ ಆಸೆ.

ಹಲಗೇರಿಯಿಂದ ಒಬ್ಬರು ಹೊಲದ ಬದುವಿನ ತಂಟೆ ಹೊತ್ತು ಹೊಸದಾಗಿ ಬಂದಿದ್ದರು. ಉರಿಬಿಸಿಲು, ಮೈಯೆಲ್ಲ ಬೆವರು.

"ಯಾಕ್ರಿ, ನಡಕೋತ ಬಂದ್ರೇನು? ಗಾಡಿ ಇಲ್ಲೇನು?"

"ಐತ್ರಿ ಸಾಹೇಬ್ರ. ಬಸ್ ಸ್ಟ್ಯಾಂಡಿನ ಹತ್ರನ ಇಟ್ಟು ಬಂದೇನ್ರಿ."

"ಅಲ್ಯಾಕ? ನಮ್ಮ ಕಂಪೌಂಡಿನಾಗ ಬೇಕಾದಷ್ಟು ಜಾಗಾ ಐತಲ್ಲ."

ಅವರು ಕಿಟಕಿಯಿಂದ ಆಚೆ ನೋಡಿದರು. ಅಲ್ಲಿ ಚಕ್ರವಿಲ್ಲದ ಸ್ಕೂಟರು, ಸೀಟಿಲ್ಲದ ಮೋಟಾರ್ ಸೈಕಲ್ಲು, ಕಲ್ಲುಗಳ ಮೇಲೆ ಕೂತ ಜೀಪು ಸಾಲಾಗಿ ನಿಂತಿದ್ದವು.

"ಫೀ ಕೊಡಾಕ ತಡಾ ಆದವರ ಗಾಡಿ ಅಲ್ಲೇನ್ರಿ ಇವು?" ಎಂದು ಮೆಲ್ಲಗೆ ಕೇಳಿದರು.

ಅಲ್ಲ ಮಾರಾಯರೇ, ಇದು ನನ್ನ ಹವ್ಯಾಸ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಅವರು ಒಂಚೂರು ನಿರಾಳವಾದದ್ದನ್ನು ನೋಡಿ ನಾನು ಸುಮ್ಮನಿರಬೇಕಿತ್ತು. "ನಿಮ್ಮ ಕಡೆ ಎಲ್ಯಾದ್ರೂ ಒಂದು ಬೂದಿ ಬಣ್ಣದ ಹಳೇ ಕಾರ ನೋಡೀರೇನು?" ಎಂದು ಕೇಳಿಬಿಟ್ಟೆ.

ಅವರು ತಟ್ಟನೆ ಎದ್ದು ನಿಂತರು. "ನಮ್ಮವ್ವನ ಆಣೆ ರೀ ಸಾಹೇಬ್ರ, ಆ ಕಾರಿಂದು ನನಗೇನೂ ಗೊತ್ತಿಲ್ಲ. ನಂದು ಬರೇ ಬದುವಿನ ಕೇಸು!"

ಕುಪ್ಪೇಲೂರಿನ ಮಗಳು

ಕಾರಿನ ಸುಳಿವು ಕೊಟ್ಟವರು ಕುಪ್ಪೇಲೂರಿನ ಒಬ್ಬ ಅಜ್ಜ. ಅವರ ಪರಿಚಯವಾದದ್ದು ಹೋದ ವರ್ಷ, ಅವರ ದನದ ಕೊಟ್ಟಿಗೆಯಲ್ಲಿದ್ದ ಹಳೆ ಮೋಟಾರ್ ಸೈಕಲ್ಲಿನಿಂದ. ಅಜ್ಜ ಅದಕ್ಕೆ ಈಗಲೂ ಫಟಫಟಿ ಎನ್ನುತ್ತಾರೆ.

ಅದನ್ನು ಕೇಳಲು ಹೋದಾಗ ಕೊಡುತ್ತೇನೆ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. "ಮೊದಲ ನಿಮ್ಮ ಮನಿ ನೋಡಬೇಕು" ಎಂದರು. ಮುಂದಿನ ವಾರ ಊರಿನ ಹಿರಿಯರಿಬ್ಬರನ್ನು ಕರೆದುಕೊಂಡು ಹಾವೇರಿಗೆ ಬಂದು, ಚಹಾ ಕುಡಿದು, ಶೆಡ್ಡಿನ ತಗಡು ಸೋರುತ್ತದೆಯೇ ಎಂದು ಕತ್ತೆತ್ತಿ ನೋಡಿದರು.

"ಮನ್ಯಾಗ ಮತ್ಯಾರ ಗಾಡಿ ಹೊಡೀತಾರ?"

"ನಾ ಒಬ್ಬನ ರೀ."

"ಕುಡಿಯೂ ಚಟಾ?"

"ಇಲ್ರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಕಳಿಸುವ ದಿನ ಅಜ್ಜಿ ಫಟಫಟಿಗೆ ಅರಿಸಿನ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ಕುಪ್ಪಸದ ಬಟ್ಟೆ ಕಟ್ಟಿ, ಸೀಟಿನ ಮೇಲೆ ಅಕ್ಕಿ, ಕೊಬ್ಬರಿ ಇಟ್ಟು ಉಡಿ ತುಂಬಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಅಳಿಯನ ಹಾಗೆ ಕೈಕಟ್ಟಿ ನಿಂತಿದ್ದೆ.

ಈ ಸಲ ಪಂಚಮಿಯ ಹಿಂದಿನ ದಿನ ಅಜ್ಜ ಉಂಡಿಯ ಡಬ್ಬಿ ಹಿಡಿದುಕೊಂಡು ಬಾಗಿಲಿಗೆ ಬಂದರು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ.

"ಬರ್ರಿ ಅಜ್ಜಾರ, ಕುಂದ್ರಿ. ಏನ್ ದೂರ ಬಂದ್ರಿ?"

"ಪಂಚಮಿಗೆ ಕರಿಯಾಕ ಬಂದೇನ್ರಿ" ಎಂದು ಶೆಡ್ಡಿನ ಕಡೆ ಕೈ ಮಾಡಿದರು.

ನಗು ತಡೆದುಕೊಂಡು ಫಟಫಟಿಯನ್ನು ಒರೆಸಿ, ಪೆಟ್ರೋಲು ಹಾಕಿಸಿ, ನಾನೇ ಅಜ್ಜನನ್ನು ಹಿಂದೆ ಕೂರಿಸಿಕೊಂಡು ಹೊರಡಲು ಸಿದ್ಧನಾದೆ. ಆಗ ಅಪ್ಪನ ಕಾರಿನ ಮಾತು ಬಂತು. "ಅಯ್ಯ, ಡಾಕ್ಟರ್ ಸಾಹೇಬ್ರ ಕಾರೇನ್ರಿ? ಅದು ಬ್ಯಾಡಗ್ಯಾಗ ಮೆಣಸಿನಕಾಯಿ ವ್ಯಾಪಾರಿ ಗೋದಾಮಿನಾಗ ಐತಿ. ನಾ ಮಾಲು ಮಾರಾಕ ಹೋದಾಗೊಮ್ಮೆ ನೋಡ್ತಿರ್ತೇನಲ್ಲ" ಎಂದರು. ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ಹೆಂಡತಿ ಮಾತ್ರ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ನಾ ತವರಿಗೆ ಹೋಗ್ತೇನಿ ಅಂದ್ರ ಹನ್ನೆರಡು ನೆಪಾ ಹೇಳ್ತೀರಿ. ಆಕಿನ್ನ ಮಾತ್ರ ಕೇಳಿದ ಕೂಡ್ಲೆ ಕಳಸಾಕ ಹೊಂಟ್ರಿ!"

ಬ್ಯಾಡಗಿಯ ಘಾಟು

ಬ್ಯಾಡಗಿಯ ವ್ಯಾಪಾರಿ ಒಳ್ಳೆಯವರು. "ಒಯ್ರಿ ಒಯ್ರಿ. ನಿಮ್ಮ ಅಪ್ಪಾರು ನಮ್ಮ ಅವ್ವನ ಜೀವಾ ಉಳಿಸ್ಯಾರ" ಎಂದರು. ಗೋದಾಮಿನ ಮೂಲೆಯಲ್ಲಿ ಕಾರು ಖಾಲಿ ಚೀಲಗಳ ಕೆಳಗೆ ಹೂತುಹೋಗಿತ್ತು. ಅದರಲ್ಲಿ ಅವರು ವರ್ಷಗಟ್ಟಲೆ ಮೆಣಸಿನಕಾಯಿಯ ಚೀಲ ಹೇರಿದ್ದರಂತೆ. ಚೀಲ ಸರಿಸಿ ಸ್ಟೇರಿಂಗಿನ ಮುಂದೆ ಕೂತೆ. ಅಪ್ಪ ಹಿಡಿಯುತ್ತಿದ್ದ ಜಾಗದಲ್ಲಿ ಅದು ಇನ್ನೂ ಸವೆದೇ ಇತ್ತು. ನನ್ನ ಕೈ ಅಲ್ಲಿಟ್ಟೆ. ಕಣ್ಣಲ್ಲಿ ನೀರು ಬಂತು. ವ್ಯಾಪಾರಿ ಪಕ್ಕದಲ್ಲಿ ನಿಂತು, "ಘಾಟ್ ರೀ, ರೂಢಿ ಆಗ್ತದ" ಎಂದರು.

ತಿಂಗಳುಗಟ್ಟಲೆ ಗ್ಯಾರೇಜಿನಲ್ಲಿ ಕೆಲಸ ನಡೆಯಿತು. ಎಂಜಿನ್ನು, ಸೀಟು, ಬಣ್ಣ ಎಲ್ಲ ಹೊಸದಾಯಿತು. ಮೊದಲ ಸವಾರಿಗೆ ಹೆಂಡತಿಯನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿದೆ. ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಸೆಕೆಯೆಂದು ಕಾಲ ಹತ್ತಿರದ ಗಾಳಿಕಿಂಡಿ ತೆರೆದೆ ನೋಡಿ, ಒಳಗೆ ಎಲ್ಲೋ ಅಡಗಿ ಕೂತಿದ್ದ ಮೆಣಸಿನ ಪುಡಿಯೆಲ್ಲ ಒಮ್ಮೆಲೇ ಮುಖಕ್ಕೆ ರಾಚಿತು. ಇಬ್ಬರಿಗೂ ಸೀನು, ಕೆಮ್ಮು, ಕಣ್ಣಲ್ಲಿ ಧಾರಾಕಾರ ನೀರು.

ಅಷ್ಟರಲ್ಲಿ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ನಿಲ್ಲಿಸಿದೆ. ಅವರು ಒಳಗೆ ಬಗ್ಗಿ ನೋಡಿದರೆ ಗಂಡ ಹೆಂಡತಿ ಇಬ್ಬರೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಾರೆ. ಕಾಗದ ಕೇಳಲು ತೆರೆದ ಬಾಯನ್ನು ಅವರು ಮುಚ್ಚಿಕೊಂಡರು.

"ಯಾರ ಹೋದ್ರೀ?" ಎಂದು ಮೆಲ್ಲಗೆ ಕೇಳಿದರು.

ನನಗೆ ಕೆಮ್ಮು ಬಿಡಲಿಲ್ಲ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಕಾರಿನ ಕಡೆ ಬೆರಳು ತೋರಿಸಿದಳು. ಅವರಿಗೆ ಏನು ಅರ್ಥವಾಯಿತೋ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಪಕ್ಕಕ್ಕೆ ಸರಿದರು.

"ಹೋಗ್ರಿ, ಲಗೂ ಹೋಗ್ರಿ. ಮಣ್ಣು ಕೊಡಾಕರ ಸಿಗಲಿ."

ಎಡಗಡೆಯ ಬಾಗಿಲು

ಮದುವೆಯ ಹಿಂದಿನ ವಾರ ಅಕ್ಕ ಕಾರು ನೋಡಲು ಬಂದಳು. ನಾನು ಅದರ ಮೇಲೆ ಹೊದಿಸಿದ ಬಟ್ಟೆಯನ್ನು ನಾಟಕದ ಪರದೆ ಸರಿಸಿದಂತೆ ಸರಿಸಿದೆ. ಅಕ್ಕ ಸುತ್ತ ಒಂದು ಸಲ ತಿರುಗಿದಳು. ಹಿಂದಿನ ಎಡಗಡೆಯ ಬಾಗಿಲು ಎಳೆದಳು. ಅದು ಸದ್ದಿಲ್ಲದೆ ತೆರೆದುಕೊಂಡಿತು. ಅಕ್ಕನ ಮುಖ ಬಾಡಿತು.

"ಇದು ಅಪ್ಪನ ಕಾರಲ್ಲ."

"ಅಕ್ಕಾ, ಎಂಜಿನ್ ನಂಬರ್ ತೋರಸ್ತೇನಿ ಬಾ."

"ನಂಬರ್ ತುಗೊಂಡು ಏನ್ ಮಾಡ್ಲಿ? ಅಪ್ಪನ ಕಾರಿನ ಈ ಬಾಗಲಾ ಎಂದಾದ್ರೂ ತೆರದಿತ್ತೇನು?"

ಖರೆ. ಹಿಂದೊಮ್ಮೆ ಎತ್ತಿನ ಗಾಡಿಯೊಂದು ಗುದ್ದಿ ಆ ಬಾಗಿಲು ಜಾಮಾಗಿತ್ತು. ಅಪ್ಪ ಅದನ್ನು ಸರಿಮಾಡಿಸಲೇ ಇಲ್ಲ. ಮಕ್ಕಳೆಲ್ಲ ಬಲಗಡೆಯಿಂದ ಹತ್ತಿ, "ಆಚೆ ಸರೀರಿ, ಆಚೆ ಸರೀರಿ" ಎಂಬ ಅಪ್ಪನ ಮಾತಿಗೆ ಒಬ್ಬರನ್ನೊಬ್ಬರು ತಳ್ಳುತ್ತ ಕೂರುತ್ತಿದ್ದೆವು. ಗ್ಯಾರೇಜಿನವರು ಅದನ್ನು ತಾವಾಗಿಯೇ ಬಿಚ್ಚಿ ಸರಿಮಾಡಿದ್ದರು, ನನಗೆ ನೆನಪೇ ಆಗಿರಲಿಲ್ಲ.

ಅಕ್ಕ ಬಾಗಿಲಿನ ಹಿಡಿಕೆ ಸವರುತ್ತ ಹೇಳಿದಳು, "ನನ್ನ ಕಳಸೂ ದಿವಸ ನಾ ಈ ಬಾಜೂಕ ಕುಂತಿದ್ದೆ. ಅವ್ವ ಇಲ್ಲೇ ಹೊರಗ ನಿಂತು ಅಳಾಕತ್ತಿದ್ಲು. ಇಳದು ಓಡಿ ಹೋಗೂಣು ಅಂತ ಎಷ್ಟ ಎಳದ್ರೂ ಬಾಗಲಾ ತೆರೀಲಿಲ್ಲ. ಅಪ್ಪ ಮುಂದ ಕುಂತು ಕಣ್ಣು ಒರಸಿಕೋತ ಗಾಡಿ ಬಿಟ್ಟ. ಅದು ತೆರದಿದ್ರ ಅವತ್ತು ನಾ ಗಂಡನ ಮನೀಗೆ ಹೋಗ್ತಾನ ಇದ್ದಿಲ್ಲ."

ನನಗೂ ಅಳು ಬಂತು. ಈ ಸಲ ಮೆಣಸಿನಕಾಯಿಯದಲ್ಲ.

ಮರುದಿನ ಕಾರನ್ನು ಗ್ಯಾರೇಜಿಗೆ ಒಯ್ದು, ಈ ಬಾಗಿಲು ತೆರೆಯದ ಹಾಗೆ ಮಾಡಿಕೊಡಿ ಎಂದೆ. ಮಿಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಸಾಹೇಬ್ರ, ಕೆಡಸಿ ಕೊಡ್ರಿ ಅಂತ ಬಂದವ್ರು ನೀವ ಮೊದಲನೇದವ್ರು. ಗ್ಯಾರಂಟಿ ಬೇಕೇನ್ರಿ?"

ಹಾವೇರಿಯಲ್ಲಿ ಮದುವೆ ಚೆನ್ನಾಗಿ ಆಯಿತು. ಅಕ್ಕನ ಮಗಳನ್ನು ರಾಣೆಬೆನ್ನೂರಿನ ಗಂಡನ ಮನೆಗೆ ಕಳಿಸುವ ಹೊತ್ತು ಬಂತು. ಮದುಮಗಳು ಬಲಗಡೆಯಿಂದ ಹತ್ತಿ ಎಡಕ್ಕೆ ಸರಿದು ಕೂತಳು, ಪಕ್ಕದಲ್ಲಿ ಅಳಿಯ. ನಾನು ಸ್ಟೇರಿಂಗ್ ಹಿಡಿದೆ. ಎಡಗಡೆ ಅಕ್ಕ ಕಿಟಕಿಗೆ ಆತು ನಿಂತಿದ್ದಳು. ಮದುಮಗಳು "ಅವ್ವಾ" ಎಂದು ಬಾಗಿಲಿನ ಹಿಡಿಕೆ ಎಳೆದಳು, ಎಳೆದಳು, ಅದು ಜಪ್ಪಯ್ಯ ಎನ್ನಲಿಲ್ಲ. ಮಿಸ್ತ್ರಿಯ ಕೆಲಸ ಗಟ್ಟಿಯಿತ್ತು. ನಾನೂ ಅಪ್ಪನ ಹಾಗೆ ಕಣ್ಣು ಒರೆಸಿಕೊಂಡೆ.

ಆದರೆ ಅಕ್ಕನಿಗೆ ತಡೆಯಲಾಗಲಿಲ್ಲ. ಕಾರನ್ನು ಸುತ್ತು ಹಾಕಿ ಬಲಗಡೆಗೆ ಓಡಿ ಬಂದಳು. ಪಾಪ, ಅಳಿಯ ಮರ್ಯಾದಸ್ಥ ಹುಡುಗ, ಒಂದು ಮಾತು ಆಡಿ ಬರಲಿ ಎಂದು ಇಳಿದು ಜಾಗ ಕೊಟ್ಟ. ಅಕ್ಕ ಒಳಗೆ ಹತ್ತಿ ಮಗಳನ್ನು ತಬ್ಬಿಕೊಂಡವಳು ಬಿಡಲೇ ಇಲ್ಲ. ಭಾವ ಕರೆದರು, ಹಿರಿಯರು ಕರೆದರು. "ನಾ ಇಳಿಯೂದಿಲ್ಲ" ಎಂದಳು. ರಾಹುಕಾಲ ಬರುತ್ತದೆ, ಹೊರಡಿ ಎಂದು ಎಲ್ಲರೂ ಗದ್ದಲ ಮಾಡಿದರು. ಕೊನೆಗೆ ಅಳಿಯ ಪೇಟಾ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಮುಂದಿನ ಸೀಟಿನಲ್ಲಿ ಕೂತ.

ರಾಣೆಬೆನ್ನೂರಿನ ಮನೆಯ ಮುಂದೆ ಬೀಗಿತ್ತಿ ಆರತಿ ತಟ್ಟೆ ಹಿಡಿದು ಮುತ್ತೈದೆಯರೊಂದಿಗೆ ಕಾಯುತ್ತಿದ್ದರು. ಹೊಸಿಲ ಮೇಲೆ ಅಕ್ಕಿಯ ಸೇರು ಇಟ್ಟಾಗಿತ್ತು. ಎಡಗಡೆಯ ಬಾಗಿಲು ತೆರೆಯುವುದಿಲ್ಲವಲ್ಲ, ಮದುಮಗಳು ಇಳಿಯಬೇಕಾದರೆ ಮೊದಲು ಅಕ್ಕ ಇಳಿಯಲೇಬೇಕು. ಬಲಗಡೆಯ ಬಾಗಿಲು ತೆರೆದು, ರೇಷ್ಮೆ ಸೀರೆಯ ಅಕ್ಕ ಬಿಕ್ಕುತ್ತ ಆರತಿಯ ಎದುರಿಗೇ ಇಳಿದು ನಿಂತಳು.

ಬೀಗಿತ್ತಿಯ ಕೈಯಲ್ಲಿ ಆರತಿ ಅಲ್ಲೇ ನಿಂತಿತು.

"ಅಯ್ಯ ಬೀಗತೀರ, ನಾವು ಕೇಳಿದ್ದು ನಿಮ್ಮ ಮಗಳನ್ನಷ್ಟ ರೀ!"