ಕದಲದ ಸಾಲು

ಸಾಲಿನಲ್ಲಿ ತಾನು ನಲವತ್ತೊಂದನೆಯವನು ಎಂದು ತಿಳಿದಾಗ ಹನುಮಂತಯ್ಯನಿಗೆ ಬೇಸರವೇನೂ ಆಗಲಿಲ್ಲ. ಸೀಮೆಎಣ್ಣೆ ಅಂಗಡಿಯಲ್ಲಿ ಇದಕ್ಕಿಂತ ಹಿಂದೆ ನಿಂತು ಡಬ್ಬ ತುಂಬಿಸಿಕೊಂಡು ಬಂದವನು ಅವನು.

ಆ ವರ್ಷ, ತೊಂಬತ್ತೊಂಬತ್ತರಲ್ಲಿ, ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಎದುರು ನರೇಶ ಇಂಟರ್‌ನೆಟ್ ಅಂಗಡಿ ತೆರೆದಿದ್ದ. ಹನುಮಂತಯ್ಯ ನೇಯ್ದ ಸೀರೆಗಳ ಚಿತ್ರ ಹಾಕಿ ಒಂದು ಪುಟ ಮಾಡಿದವನೂ ಅವನೇ. ಸೀರೆ ಎಂದು ಒತ್ತಿ ಹುಡುಕಿದರೆ ಪರದೆಯ ಮೇಲೆ ಬರುವ ಸಾಲಿನಲ್ಲಿ ಆ ಪುಟ ನಲವತ್ತೊಂದನೆಯದು. ಪುಟದ ತಳದಲ್ಲಿ ನೋಡಲು ಬಂದವರನ್ನು ಎಣಿಸುವ ಅಂಕಿಯಿತ್ತು. ಅದು ಹಬ್ಬದೂಟ ಉಂಡು ಮಲಗಿದ ಬೀಗರಂತೆ ಅಲುಗಾಡುತ್ತಿರಲಿಲ್ಲ.

ಸಗಟು ವ್ಯಾಪಾರಿಗಳು ಅವನ ಸೀರೆ ಕೊಳ್ಳುವುದನ್ನು ನಿಲ್ಲಿಸಿದ್ದರು. ಮಗ್ಗ ಕೊಳ್ಳಲು ವಿಜಯಪುರದ ಆದಿನಾರಾಯಣಪ್ಪ ಆ ಸಂಜೆ ಲಾರಿ ತರುವವನಿದ್ದ.

"ಇವತ್ತು ಕೊಟ್ಬಿಡೋಣ ರೀ. ತಡ ಮಾಡಿದ್ರೆ ಗುಜರಿಗೇ ಹೋಗೋದು," ಎಂದಳು ಹೆಂಡತಿ ನಾಗಲಕ್ಷ್ಮಮ್ಮ.

ಮದುವೆಯಾದ ವರ್ಷ ಇಬ್ಬರೂ ಸೇರಿ ಕೊಂಡ ಮಗ್ಗ. ಒಂದು ಆರ್ಡರ್ ಬಂದರೂ ಉಳಿಸಿಕೊಳ್ಳೋಣ, ಸಂಜೆಯವರೆಗೆ ನೋಡೋಣ ಎಂದು ಅವಳನ್ನು ಒಪ್ಪಿಸಿ, ಹನುಮಂತಯ್ಯ ನರೇಶನ ಅಂಗಡಿಯಲ್ಲಿ ಬಂದು ಕೂತ.

"ಏನಪ್ಪಾ, ಮುಂದಿರೋರೆಲ್ಲ ಯಾವಾಗ ಮುಗೀತಾರೆ?"

"ಅವ್ರು ಜಾಗ ಬಿಡಲ್ಲಣ್ಣ. ಮುಂದಿರೋರ ಹತ್ರಾನೇ ಜನ ಹೋಗೋದು. ನಿಮ್ಮ ಜಾಗದ ತನಕ ಯಾರೂ ಇಳಿದು ಬರಲ್ಲ."

"ನಾನು ಕಾಯ್ತೀನಿ ಬಿಡು," ಎಂದ ಹನುಮಂತಯ್ಯ, ಮನೆಯಿಂದ ತಂದ ಚಿತ್ರಾನ್ನ ಬಿಚ್ಚುತ್ತಾ.

ಫೋನ್ ಮಾಡಲು ಬಂದ ಪಕ್ಕದ ಮನೆಯ ನೇಕಾರ ಪಿಳ್ಳಪ್ಪ ಇದನ್ನೆಲ್ಲ ಕೇಳಿಸಿಕೊಂಡ. ಜನ ಹೋದರೆ ತಾನೇ ಮುಂದೆ ಬರೋದು ಎಂದು ಲೆಕ್ಕ ಹಾಕಿ, ಬೀದಿಯವರನ್ನೆಲ್ಲ ಓಟಿಗೆ ಕರೆತರುವಂತೆ ಕರೆತಂದ. ಒಬ್ಬೊಬ್ಬರೂ ಕೀಲಿಗಳ ಮೇಲೆ ಅಕ್ಷರ ಹುಡುಕಿ ಹುಡುಕಿ, ಹನುಮಂತಯ್ಯನ ಹೆಸರು, ಊರು ಒತ್ತಿ ಅವನ ಪುಟ ತೆರೆದರು. ನರೇಶ ಏನೋ ಹೇಳಲು ಹೋದ. ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮಲಗಿದ್ದ ಅಂಕಿ ಎದ್ದು ಓಡತೊಡಗಿತು.

"ಹನುಮಂತಣ್ಣ, ಫಸ್ಟು ಬಂದ್ಬಿಟ್ಟೆ ಕಣಣ್ಣ," ಎಂದ ಪಿಳ್ಳಪ್ಪ. ನಿಜವಾಗಿಯೂ ಪರದೆಯ ಮೇಲ್ತುದಿಯಲ್ಲಿ ಅವನ ಹೆಸರಿತ್ತು.

ಸಂಜೆ ಲಾರಿ ಬಂದಾಗ ಹನುಮಂತಯ್ಯ ಬಾಗಿಲಲ್ಲೇ ನಿಂತು, ಮಗ್ಗ ಕೊಡುವುದಿಲ್ಲ, ತಾನೀಗ ಮೊದಲನೆಯವನು ಎಂದು ಹೇಳಿ ವಾಪಸು ಕಳಿಸಿದ. ಆ ಹೆಸರನ್ನು ಇನ್ನೊಮ್ಮೆ ನೋಡುವ ಆಸೆಗೆ ಅಂಗಡಿಗೆ ಓಡಿದ.

ನರೇಶ ತಲೆ ತಗ್ಗಿಸಿಕೊಂಡೇ, ಹೆಸರು ಬಿಟ್ಟು ಬರೀ ಸೀರೆ ಎಂದು ಒತ್ತಿ ತೋರಿಸಿದ. ಹನುಮಂತಯ್ಯ ನಲವತ್ತೆರಡನೆಯವನಾಗಿದ್ದ.

"ನಿಮ್ಮ ಹೆಸರು ಒತ್ತಿದ್ರೆ ಮಾತ್ರ ಮೊದ್ಲು ಬರ್ತೀರಣ್ಣ. ಬೆಳಗ್ಗೇನೇ ಹೇಳಕ್ಕೆ ಬಂದೆ."

"ನನ್ನ ಹೆಸರು ಗೊತ್ತಿರೋರೆಲ್ಲ ಸೀರೆ ನೇಯೋರೇ ಕಣಪ್ಪ," ಎಂದ ಹನುಮಂತಯ್ಯ.

ಮಗ್ಗ ಕೊಟ್ಟೇಬಿಡೋಣವೆಂದು ಅವನು ಏದುಸಿರು ಬಿಡುತ್ತಾ ಮನೆಯ ಬೀದಿಗೆ ಓಡಿ ಬರುವಷ್ಟರಲ್ಲಿ ಲಾರಿ ಬೀದಿಯ ಕೊನೆ ಮುಟ್ಟಿತ್ತು. ಅದರ ಮೇಲೆ ಹಗ್ಗ ಬಿಗಿದು ಕೂರಿಸಿದ್ದ ಮಗ್ಗ ಪಿಳ್ಳಪ್ಪನದು.

"ನೀನು ಬೇಡ ಅಂದ್ಯಲ್ಲಣ್ಣ," ಎಂದ ಪಿಳ್ಳಪ್ಪ. ಕಣ್ಣು ಒರೆಸಿಕೊಳ್ಳುತ್ತಿದ್ದ.

ಆದಿನಾರಾಯಣಪ್ಪ ಲಾರಿ ನಿಲ್ಲಿಸಿದನೇ ಹೊರತು ಇಳಿಯಲಿಲ್ಲ. "ಒಂದೇ ಬೇಕಾಗಿತ್ತು ಯಜಮಾನ್ರೇ. ಮಗ್ಗ ಕೊಡೋರು ಬೇಕಾದಷ್ಟು ಜನ ಕಾಯ್ತಾವ್ರೆ. ನಿಮ್ಮನ್ನ ಕೊನೇಲಿ ಸೇರಿಸ್ಕೊಂಡಿರ್ತೀನಿ."

ಮನೆಯಲ್ಲಿ ನಾಗಲಕ್ಷ್ಮಮ್ಮ ಬೈಯಲಿಲ್ಲ. ತಟ್ಟೆ ಇಟ್ಟು, ಎಷ್ಟನೇ ಜಾಗ ಎಂದಷ್ಟೇ ಕೇಳಿದಳು.

"ಗೊತ್ತಿಲ್ಲ," ಎಂದ ಹನುಮಂತಯ್ಯ. "ಆದ್ರೆ ಈ ಸಾಲು ಮುಂದಕ್ಕೆ ಹೋಗ್ತದೆ."