ಒಂಬತ್ತು ವೋಲ್ಟಿನ ಅಳಿಯ

ಯಲಬುರ್ಗಾ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳ ಹೆಸರು ಕೂಗುವುದು ನನ್ನ ನೌಕರಿ. ನನ್ನ ಧ್ವನಿಯನ್ನು ಇಡೀ ತಾಲ್ಲೂಕು ಕೇಳಿದೆ, ಯಾರೂ ನಂಬಿಲ್ಲ. "ಕುಷ್ಟಗಿಗೆ ಹೋಗುವ ಬಸ್ಸು ಅಂಕಣ ಎರಡರಲ್ಲಿ ನಿಂತಿದೆ" ಎಂದು ನಾನು ಕೂಗಿ ಬಾಯಿ ಮುಚ್ಚುವಷ್ಟರಲ್ಲಿ ಜನ ನನ್ನ ಕಿಟಕಿಗೇ ಬಂದು ಕೇಳುತ್ತಾರೆ: "ಕುಷ್ಟಗಿ ಬಸ್ ಎಲ್ಲೈತ್ರಿ?"

ಇದನ್ನು ಸಹಿಸಬಲ್ಲೆ. ಸಹಿಸಲಾಗದ್ದು ಮರಳಿಯಲ್ಲಿರುವ ನನ್ನ ಮಾವನವರ ಮಾತು. ಯಾರೇ ವಿಚಾರಿಸಲಿ, "ದೊಡ್ಡ ಅಳಿಯಂದಿರಾ? ಬಸ್ ಒದರ್ತಾರ್ರಿ" ಎಂದು ಪರಿಚಯಿಸುತ್ತಾರೆ. ಒದರುವುದಂತೆ! ಹೀಗಾಗಿ ಹೆಂಡತಿಯ ತಂಗಿಯ ಮದುವೆ ನಿಶ್ಚಯವಾದ ಕೂಡಲೇ, ಊಟದ ಹೊತ್ತಿಗೆ ವೇದಿಕೆಯ ಮೇಲೆ ಗಿಟಾರ್ ನುಡಿಸುವವನು ನಾನೇ ಎಂದು ಘೋಷಿಸಿಬಿಟ್ಟೆ. ಆ ಒಂದು ಮಧ್ಯಾಹ್ನದಲ್ಲಿ ನನ್ನ ಹಳೆಯ ಹೆಸರು ಅಳಿಸಿಹೋಗಬೇಕಿತ್ತು.

ಬರೀ ಗಿಟಾರ್ ಸಾಲದು. ಅದರ ಸಪ್ಪೆ ದನಿಯನ್ನು ಗರ್ಜನೆ ಮಾಡಿ ಸ್ಪೀಕರಿಗೆ ಕಳಿಸುವ, ಕಾಲಿನಿಂದ ಒತ್ತುವ ಡಬ್ಬಿಯೊಂದಿದೆ. ಪೆಡಲ್ ಎನ್ನುತ್ತಾರೆ. ಮೊಬೈಲಿನಲ್ಲಿ ನೋಡಿಕೊಂಡು ಅದನ್ನು ನಾನೇ ಕಟ್ಟಿದೆ, ಹೆಂಡತಿ ರೇಣುಕಾಳ ಶೇಂಗಾ ಚಟ್ನಿಪುಡಿಯ ಸ್ಟೀಲ್ ಡಬ್ಬಿಯಲ್ಲಿ. ದೂರದಿಂದಲೂ ಕಾಣಲೆಂದು ಮೇಲೆ ನಾಲ್ಕು ಕೆಂಪು ದೀಪ ಕೂಡಿಸಿದೆ. ಒಳಗೆ ಒಂಬತ್ತು ವೋಲ್ಟಿನ ಬ್ಯಾಟರಿ. ಆ ಬ್ಯಾಟರಿ ಉಳಿಯಲೆಂದು ಒಂದು ಜಾಣತನವನ್ನೂ ಮಾಡಿದ್ದೆ. ಅದೇನೆಂದು ಆಮೇಲೆ ಹೇಳುತ್ತೇನೆ, ಏಕೆಂದರೆ ನನಗೂ ಅದು ಆಮೇಲೆಯೇ ನೆನಪಾಯಿತು!

ಪೆಡಲ್ ಗರ್ಜಿಸಿತು. ಗರ್ಜನೆಯ ಹಿಂದೆ ಸಣ್ಣದೊಂದು ಗುಂಯ್ ಸದ್ದು ಇತ್ತು, ಅಷ್ಟೇ. ಬುದ್ಧಿವಂತನಾಗಿದ್ದರೆ ಸುಮ್ಮನಿರುತ್ತಿದ್ದೆ. ನಾನು ಪೇಟೆಗೆ ಹೋಗಿ ವೋಲ್ಟೇಜ್ ಅಳೆಯುವ ಮೀಟರ್ ತಂದೆ.

ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ, ಯಾವ ವೇಷದಲ್ಲಿ ವಾಪಸ್ ಬರುತ್ತದೆ ಎಂದು ಯಾರೂ ಹೇಳಲಾರರು. ಅದಕ್ಕೇ ಮಿಕ್ಸಿ ಇರಲಿ, ಪಂಪ್‌ಸೆಟ್ ಇರಲಿ, ಬಿಚ್ಚುವ ಮೊದಲು ನಮ್ಮಪ್ಪ ಒಂದೇ ಮಂತ್ರ ಹೇಳುತ್ತಿದ್ದರು: "ಮೊದಲ ಪಿನ್ ಕೀಳು, ಆಮ್ಯಾಗ ಕೈ ಹಾಕು." ಒಂಬತ್ತು ವೋಲ್ಟಿನಿಂದ ನೊಣವೂ ಸಾಯುವುದಿಲ್ಲ. ಆದರೂ ಪಿತೃವಾಕ್ಯ ಪರಿಪಾಲನೆ! ಗಿಟಾರಿನ ವೈರು, ಸ್ಪೀಕರಿನ ವೈರು, ಎರಡರ ಪಿನ್ನೂ ಕಿತ್ತು, ಚಪ್ಪಲಿ ಹಾಕಿಕೊಂಡು ಡಬ್ಬಿಯ ಮುಚ್ಚಳ ತೆಗೆದೆ.

ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಇಟ್ಟೆ. ಒಂಬತ್ತು. ಒಳಗಿನ ಬೋರ್ಡಿಗೆ ಇಟ್ಟೆ. ಸೊನ್ನೆ. ಇನ್ನೊಂದು ಕಡೆ ಇಟ್ಟೆ. ಸೊನ್ನೆ. ಬ್ಯಾಟರಿಯಿಂದ ಬೋರ್ಡಿಗೆ ನಾಲ್ಕು ಬೆರಳು ದೂರ, ಅಷ್ಟರಲ್ಲಿ ಒಂಬತ್ತು ವೋಲ್ಟು ಎಲ್ಲಿ ಇಳಿದು ಹೋಯಿತು? ಕರೆಂಟೇ ಇಲ್ಲದ ಡಬ್ಬಿ ಆಗತಾನೇ ಗರ್ಜಿಸಿದ್ದು ಹೇಗೆ ಎಂಬ ಪ್ರಶ್ನೆ ಯಾರಿಗಾದರೂ ಏಳಬೇಕಿತ್ತು. ನನಗೆ ಏಳಲಿಲ್ಲ.

ಪಕ್ಕದ ಮನೆಯ ಮೆಹಬೂಬ್ ಬಂದ. ದರ್ಜಿ, ಆದರೆ ಮದುವೆ ಮೆರವಣಿಗೆಗಳಲ್ಲಿ ಬೆಂಜೊ ಬಾರಿಸುವುದರಿಂದ ತಂತಿ ಇರುವ ಎಲ್ಲ ವಸ್ತುಗಳ ಮೇಲೂ ತನಗೆ ಅಧಿಕಾರವಿದೆ ಎಂದು ತಿಳಿದವನು. ಡಬ್ಬಿಗೆ ಮೂಗು ಹಚ್ಚಿ, "ಅಣ್ಣಾ, ಒಳಗ ಸುಟ್ಟೈತಿ. ವಾಸನಿ ಬರಾಕತ್ತೈತಿ" ಎಂದ.

"ಅದು ಶೇಂಗಾ ಹುರಿದ ವಾಸನಿ ಮಾರಾಯ!"

"ಯಾವುದರ ಇರ್ಲಿ, ಸುಟ್ಟಿದ್ದು ಸುಟ್ಟಿದ್ದ. ಎಲ್ಲಾ ಕಿತ್ತು ಹೊಸಾದು ಹಾಕ್ರಿ."

ಎಲ್ಲ ಕಿತ್ತೆ. ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗಿ ಹೊಸ ಟ್ರಾನ್ಸಿಸ್ಟರ್, ಹೊಸ ವೈರು ತಂದು ಬೆಸುಗೆ ಹಾಕಿದೆ. ಹೆಬ್ಬೆರಳನ್ನೂ ಬೆಸೆದುಕೊಂಡೆ. ಮೆಹಬೂಬ್ ಟಾರ್ಚ್ ಹಿಡಿದ, ನಾನು ಕಡ್ಡಿ ಹಿಡಿದೆ. ಸೊನ್ನೆ! ಮೀಟರನ್ನೇ ಬೈದೆ. ಮದುವೆಗೆ ವಾರವೂ ಉಳಿದಿರಲಿಲ್ಲ. ಮಾವನವರು "ಒದರ್ತಾರ್ರಿ" ಎನ್ನುವುದು ಕಿವಿಯಲ್ಲಿ ಕೇಳಿಸತೊಡಗಿತು. ನಿಜ ಹೇಳುತ್ತೇನೆ, ಅಳು ಬಂತು.

ಆಗ ರೇಣುಕಾ ನೀರಿನ ಕೊಡ ಹೊತ್ತು ಒಳಬಂದಳು. ಗೋಡೆಗೆ ಒರಗಿಸಿದ್ದ ಗಿಟಾರಿನ ವೈರು ಅವಳ ಕಾಲಿಗೆ ಸಿಕ್ಕಿತು.

"ಹಾದ್ಯಾಗ ಹಾವು ಚೆಲ್ಲಿದಂಗ ಚೆಲ್ಲೀರಲ್ರೀ! ಎಲ್ಲೆರ ಒಂದು ತೂತಿನ್ಯಾಗ ಸಿಗಿಸಬಾರದಾ?" ಎಂದು ಕೊಡ ಇಳಿಸಿ, ವೈರಿನ ತುದಿಯನ್ನು ಎತ್ತಿ ನನ್ನ ಡಬ್ಬಿಯ ತೂತಿಗೇ ತುರುಕಿದಳು.

ನಾಲ್ಕೂ ಕೆಂಪು ದೀಪ ಹತ್ತಿದವು. ಮೀಟರ್ ಒಂಬತ್ತು ತೋರಿಸಿತು.

ಆಗ ನೆನಪಾಯಿತು ನನ್ನ ಜಾಣತನ. ಬ್ಯಾಟರಿ ಉಳಿಯಲೆಂದು, ಗಿಟಾರಿನ ಪಿನ್ ಒಳಗೆ ಹೋದರೆ ಮಾತ್ರ ಕರೆಂಟು ಹರಿಯುವಂತೆ ನಾನೇ ಜೋಡಿಸಿದ್ದೆ! ಆ ಪಿನ್ನೇ ಸ್ವಿಚ್ಚು. ಅದನ್ನು ಕಿತ್ತಿಟ್ಟು ಕರೆಂಟು ಹುಡುಕಿದ್ದೆ. ಆರೋಗ್ಯವಂತನನ್ನು ಮಲಗಿಸಿ, ಮೂಗು ಹಿಡಿದು, ಉಸಿರಿಲ್ಲವೆಂದು ಆಪರೇಷನ್ ಮಾಡಿದ್ದೆ.

"ಹತ್ತಿತಲ್ಲ, ಮತ್ತ ಇಷ್ಟ ದಿನ ಏನ್ ಮಾಡಾಕತ್ತಿದ್ರಿ?" ಎಂದಳು ರೇಣುಕಾ.

ಸ್ಪೀಕರಿಗೆ ಜೋಡಿಸಿ ತಂತಿ ಮೀಟಿದೆ. ಗರ್ಜನೆ! ಹಿಂದೆ ಅದೇ ಗುಂಯ್. ಅಲ್ಲೇ ಶಪಥ ಮಾಡಿದೆ: ಮದುವೆ ಮುಗಿಯುವವರೆಗೆ ಬ್ರಹ್ಮ ಬಂದರೂ ಗಿಟಾರಿನ ಪಿನ್ ಕೀಳುವುದಿಲ್ಲ.

ಕೀಳಲಿಲ್ಲ. ಮನೆಯಲ್ಲಿ ಕೀಳಲಿಲ್ಲ, ಗಂಗಾವತಿ ಬಸ್ಸಿನಲ್ಲೂ ಕೀಳಲಿಲ್ಲ. ತೊಡೆಯ ಮೇಲೆ ಗಿಟಾರ್, ಅದಕ್ಕೆ ಹೊಕ್ಕುಳಬಳ್ಳಿಯಂತೆ ವೈರು, ತುದಿಯಲ್ಲಿ ಕೆಂಪು ದೀಪದ ಡಬ್ಬಿ. ಪಕ್ಕದ ಸೀಟಿನ ಅಜ್ಜಿ ಬಹಳ ಹೊತ್ತು ನೋಡಿ, "ಚಟ್ನಿ ಐತೇನಪಾ ಅದರಾಗ?" ಎಂದಳು.

ಮರಳಿಯಲ್ಲಿ ಮದುವೆಯ ಮಧ್ಯಾಹ್ನ. ನೆಂಟರೆಲ್ಲ ನೋಡುತ್ತಿದ್ದಂತೆ ವೇದಿಕೆ ಹತ್ತಿ, ಗತ್ತಿನಿಂದ ಪೆಡಲ್ ಒತ್ತಿ, ತಂತಿಯನ್ನು ಎಳೆದು ಬಾರಿಸಿದೆ. ಮೌನ. ದೀಪಗಳೂ ಆರಿದ್ದವು. ಮೀಟರ್ ತೆಗೆದು ಅಳೆದೆ. ಬ್ಯಾಟರಿಯಲ್ಲಿ ಉಳಿದದ್ದು ಒಂದೇ ಒಂದು ವೋಲ್ಟು! ಪಿನ್ ಕೀಳದೆ ಇಟ್ಟಿದ್ದಕ್ಕೆ ನಾಲ್ಕು ದೀಪಗಳು ಹಗಲಿರುಳೂ ಉರಿದು ಅದನ್ನು ನೆಕ್ಕಿ ಮುಗಿಸಿದ್ದವು. ಡಬ್ಬಿ ಬಿಟ್ಟು ಗಿಟಾರನ್ನು ನೇರವಾಗಿ ಸ್ಪೀಕರಿಗೆ ಚುಚ್ಚಿದೆ. ಮಂಟಪದ ಗದ್ದಲದಲ್ಲಿ ಅದು ನನಗೇ ಕೇಳಿಸಲಿಲ್ಲ.

ಊಟದ ಎರಡನೇ ಪಂಕ್ತಿಗೆ ಜನರನ್ನು ಕೂಗಿ ಕೂಗಿ ಗಂಟಲು ಕಟ್ಟಿದ್ದ ಮಾವನವರು ವೇದಿಕೆಗೆ ಬಂದರು. "ಸುಮ್ಮನ ನಿಂತೀರಲ್ರೀ ಅಳಿಯಂದಿರ, ಆ ಮೈಕ್‌ನ್ಯಾಗ ಒಂದೀಟು ಊಟಕ್ಕರ ಕರೀರಿ!"

ಕರೆದೆ. ಅಭ್ಯಾಸಬಲ. "ಎರಡನೇ ಪಂಕ್ತಿಯ ಊಟ ಎಡಗಡೆಯ ಶಾಮಿಯಾನದಲ್ಲಿ ಸಿದ್ಧವಾಗಿದೆ. ದಯವಿಟ್ಟು ನೂಕುನುಗ್ಗಲು ಮಾಡಬೇಡಿ." ಮಂಟಪವೇ ಎದ್ದು ಎಡಗಡೆ ನಡೆಯಿತು! ನನ್ನ ವೃತ್ತಿಜೀವನದಲ್ಲಿ ಜನ ನನ್ನ ಮಾತು ಕೇಳಿದ್ದು ಅದೇ ಮೊದಲು.

ರೇಣುಕಾ ಪಕ್ಕಕ್ಕೆ ಬಂದು ಮೀಟರನ್ನು ತಿರುಗಿಸಿ ನೋಡಿದಳು. "ಅಲ್ರೀ, ಇದು ಯಾತರ ಮ್ಯಾಲ ನಡೀತೈತಿ?"

ಮೀಟರಿನ ಬೆನ್ನು ಬಿಚ್ಚಿದೆ. ಒಳಗೆ ಒಂಬತ್ತು ವೋಲ್ಟಿನ ಬ್ಯಾಟರಿ. ಹೊಚ್ಚ ಹೊಸದು. ಸತ್ತ ಬ್ಯಾಟರಿಯನ್ನು ಅಳೆಯುತ್ತಿದ್ದದ್ದು ಬದುಕಿದ ಬ್ಯಾಟರಿಯೇ!

ಅದನ್ನು ಡಬ್ಬಿಗೆ ಹಾಕಿ, ಪಿನ್ ಸಿಗಿಸಿದೆ. ದೀಪಗಳು ಹತ್ತಿದವು. ತಂತಿಗೆ ಕೈ ಇಡುವಷ್ಟರಲ್ಲಿ ಮಾವನವರು ಮೈಕನ್ನು ನನ್ನ ಮುಖಕ್ಕೆ ಹಿಡಿದರು.

"ಅದು ಆಮ್ಯಾಲ. ಮೂರನೇ ಪಂಕ್ತಿ ಕರೀರಿ ಮೊದಲ." ಆಮೇಲೆ ಬೀಗರ ಕಡೆ ತಿರುಗಿ, ಎದೆಯುಬ್ಬಿಸಿ ಹೇಳಿದರು: "ನಮ್ಮ ದೊಡ್ಡ ಅಳಿಯಂದಿರು. ಬಸ್ ಒದರ್ತಾರ್ರಿ. ಆದ್ರ ಏನ್ ಒದರ್ತಾರ ಅಂತೀರಿ!"

ವೇದಿಕೆಯ ಕೆಳಗೆ ಊಟ ಮುಗಿಸಿದ ಮುದುಕರೊಬ್ಬರು ಚೀಲ ಹಿಡಿದು ನಿಂತಿದ್ದರು. "ತಮ್ಮಾ," ಎಂದರು, "ಕುಷ್ಟಗಿ ಬಸ್ ಎಲ್ಲೈತಿ?"

ಗಿಟಾರಿನ ಪಿನ್ ಕಿತ್ತೆ. ಮೈಕ್ ಕೈಗೆ ತೆಗೆದುಕೊಂಡೆ.

"ಪ್ರಯಾಣಿಕರ ಗಮನಕ್ಕೆ..."