ಹದಿನೆಂಟು ಹೆಜ್ಜೆಯ ಬೌಲರ್ ಮತ್ತು ಹದಿನೈದು ಕಿಲೋ ರಾಗಿ

ಫಹಾಹೀಲ್ ಕನ್ನಡಿಗರ ಕ್ರಿಕೆಟ್ ತಂಡಕ್ಕೆ ನಾನು ಕ್ಯಾಪ್ಟನ್ ಆಗಿದ್ದ ಕಾಲದಲ್ಲಿ, ನನಗೆ ನನ್ನ ಬುದ್ಧಿಯ ಮೇಲೆ ಇದ್ದಷ್ಟು ನಂಬಿಕೆ ಬೇರೆ ಯಾರ ಮೇಲೂ ಇರಲಿಲ್ಲ. ಈಗ ಬೇರೆಯವರೆಲ್ಲರ ಮೇಲೂ ಇದೆ.

ಕುವೈತಿನಲ್ಲಿ ಕ್ರಿಕೆಟ್ ಚಳಿಗಾಲದ ಬೆಳೆ. ಬೇಸಿಗೆಯಲ್ಲಿ ಮೈದಾನಕ್ಕೆ ಇಳಿದರೆ ಔಟ್ ಮಾಡಲು ಬೌಲರ್ ಬೇಕಿಲ್ಲ, ಸೂರ್ಯನೇ ಸಾಕು. ಹಾಗಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನಾವು ಆಡುತ್ತಿರಲಿಲ್ಲ, ಮಾತಾಡುತ್ತಿದ್ದೆವು. ಎ.ಸಿ. ಹಾಕಿಕೊಂಡು, ಹಾಲಿಲ್ಲದ ಸುಲೇಮಾನಿ ಚಹಾ ಕುಡಿಯುತ್ತ, ಈ ಸಲ ನಮ್ಮ ಫಹಾಹೀಲ್ ಬಲವೋ ಪಕ್ಕದ ಫಿಂಟಾಸ್ ತಂಡ ಬಲವೋ ಎಂದು ಗಂಟಲು ಹರಿಯುವವರೆಗೆ ವಾದ ಮಾಡುತ್ತಿದ್ದೆವು. ವಾದದಲ್ಲಿ ಪ್ರತಿವರ್ಷವೂ ನಾವೇ ಗೆಲ್ಲುತ್ತಿದ್ದೆವು. ಕಪ್ ಮಾತ್ರ ಮೂರು ವರ್ಷದಿಂದ ಫಿಂಟಾಸ್‌ನಲ್ಲಿತ್ತು!

ಇರಲಿ, ಆಟ ಅಂದ ಮೇಲೆ ಸೋಲು ಗೆಲುವು ಇದ್ದದ್ದೇ. ಆದರೆ ಫಿಂಟಾಸ್ ತಂಡದ ಕ್ಯಾಪ್ಟನ್ ಚಂದ್ರು ನನ್ನ ಷಡ್ಡಕ. ನನ್ನ ಹೆಂಡತಿ ಗೀತಾಳ ತಂಗಿ ರೇಖಾಳ ಗಂಡ. ಹಬ್ಬ ಹುಣ್ಣಿಮೆ ಬಂದಾಗಲೆಲ್ಲ ಅವರ ಮನೆಯ ಷೋಕೇಸಿನಲ್ಲಿರುವ ಆ ಕಪ್ಪಿನ ಎದುರಿಗೇ ಕೂತು ನಾನು ಪಾಯಸ ಕುಡಿಯಬೇಕಾಗಿತ್ತು.

"ಕಪ್ಪು ನನ್ನ ತಂಗಿ ಮನೇಲಿ ತಾನೇ ಇದೆ, ಎಲ್ಲಿಗೂ ಓಡಿಹೋಗಿಲ್ವಲ್ಲ" ಎಂದು ಗೀತಾ ಸಮಾಧಾನ ಹೇಳುತ್ತಿದ್ದಳು. ಆ ಸಮಾಧಾನದಿಂದ ನನ್ನ ಹೊಟ್ಟೆಯುರಿ ಇನ್ನಷ್ಟು ಹೆಚ್ಚುತ್ತಿತ್ತು.

ನಮ್ಮ ಆಫೀಸಿನಲ್ಲಿ ಒಬ್ಬ ಅಮೆರಿಕನ್ ಬಾಸ್ ಇದ್ದ. ಬೇಸ್‌ಬಾಲ್ ಹುಚ್ಚ. ಆ ಬೇಸಿಗೆಯಲ್ಲಿ ಅವನು ನನಗೊಂದು ಮಹಾರಹಸ್ಯ ಹೇಳಿಕೊಟ್ಟ. ಅವರ ಊರಿನಲ್ಲಿ ಸೀಸನ್ ಗೆಲ್ಲುವುದು ಮೈದಾನದಲ್ಲಲ್ಲವಂತೆ, ಸೀಸನ್‌ಗೆ ಮುಂಚೆಯಂತೆ. ಹಳೆಯ ತಂಡದ ಕರಾರು ಮುಗಿದು ಬಿಡುವಾಗಿರುವ ಆಟಗಾರರನ್ನು ಫ್ರೀ ಏಜೆಂಟ್ ಎನ್ನುತ್ತಾರಂತೆ. ಅಂಥವರನ್ನು ಎದುರಾಳಿಗಿಂತ ಮೊದಲೇ ಹಾರಿಸಿಕೊಂಡು ಬಂದು ಸಹಿ ಹಾಕಿಸಿಬಿಟ್ಟರೆ ಅರ್ಧ ಕಪ್ ಮನೆಗೆ ಬಂದ ಹಾಗೆ! ನನಗೆ ಜ್ಞಾನೋದಯವಾಯಿತು.

ಈ ವಿಷಯವನ್ನು ನಮ್ಮ ವಿಕೆಟ್‌ಕೀಪರ್ ಫ್ರೆಡ್ರಿಕ್‌ಗೆ ಹೇಳಿದೆ. ಅವನು ಮಂಗಳೂರಿನವನು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ತಂಡದ ಹುಟ್ಟು, ಸಾವು, ರನ್ನು ಎಲ್ಲವೂ ಅವನ ರಿಜಿಸ್ಟರಿನಲ್ಲಿರುತ್ತಿತ್ತು.

"ಏಜೆಂಟ್ ಮಾತ್ರ ಬೇಡ ಮಾರಾಯ್ರೆ" ಎಂದು ಅವನು ಕೈಮುಗಿದ. "ವೀಸಾ ಏಜೆಂಟಿನ ಕೈಯಲ್ಲಿ ಪಟ್ಟದ್ದು ಸಾಕು. ಅದ್ರಲ್ಲೂ ಫ್ರೀ ಅಂತ ಹೇಳುವವನನ್ನು ನಂಬ್ಲೇಬಾರ್ದು!"

ಅವನಿಗೆ ಬಿಡಿಸಿ ಹೇಳಿದ ಮೇಲೆ ಒಂದು ಹೆಸರು ಕೊಟ್ಟ. ನಿಂಗರಾಜು. ಮದ್ದೂರಿನ ಹತ್ತಿರದವನು, ಅರ್ದಿಯಾದ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಅವರ ಗೋದಾಮಿನ ತಂಡ ಆ ವರ್ಷ ಒಡೆದುಹೋಗಿತ್ತು. ಹದಿನೆಂಟು ಹೆಜ್ಜೆ ಓಡಿಬಂದು ಚೆಂಡು ಎಸೆದರೆ ಬ್ಯಾಟ್ಸ್‌ಮನ್ ಊರಿನ ದೇವರನ್ನು ನೆನೆಯಬೇಕು. ಊರಿನಲ್ಲಿ ಹೆಂಡತಿ, ಎರಡು ಮಕ್ಕಳು. ಇಲ್ಲಿ ಬ್ಯಾಚುಲರ್. ಕುವೈತಿನಲ್ಲಿ ಬ್ಯಾಚುಲರ್ ಅಂದರೆ ಮದುವೆಯಾಗದವನು ಎಂದಲ್ಲ, ಅಡುಗೆಮನೆ ಇಲ್ಲದವನು ಎಂದು ಅರ್ಥ.

ಕಾರು ಹತ್ತಿ ಅರ್ದಿಯಾಕ್ಕೆ ಹೋದೆವು. ನಿಂಗರಾಜು ಕಾರ್ಮಿಕರ ಕ್ಯಾಂಪಿನ ಬಾಗಿಲಲ್ಲಿ ನಿಂತು ನಮ್ಮ ಭಾಷಣವನ್ನೆಲ್ಲ ಕೇಳಿದ. ಕರೆದೊಯ್ಯಲು ಕಾರು, ಹೊಸ ಬೂಟು, ಹೆಸರು ಬರೆಸಿದ ಟೀ ಶರ್ಟು.

"ಅದ್ನೆಲ್ಲ ಫಿಂಟಾಸ್‌ನವ್ರೂ ಕೊಡ್ತೀವಿ ಅಂದವ್ರೆ ಸಾ" ಎಂದ. ಆಮೇಲೆ ಕತ್ತು ತಗ್ಗಿಸಿ, "ಒಂದ್ ಮಾತ್ ಕೇಳ್ಲಾ? ನಿಮ್ಮನೇಲಿ ಮುದ್ದೆ ಮಾಡ್ತಾರಾ?"

"ಮಾಡ್ತಾರಾ ಅಂದ್ರೇನಪ್ಪ! ನನ್ನ ಹೆಂಡ್ತಿ ಮಂಡ್ಯದವಳು. ಪ್ರತಿ ಶುಕ್ರವಾರ ಬಾ!"

ಗೀತಾ ಆಗ ಮಗಳ ರಜಕ್ಕೆಂದು ಮಂಡ್ಯದಲ್ಲಿದ್ದಳು. ಅವಳ ಅಡುಗೆಮನೆಯನ್ನು ಅವಳ ಬೆನ್ನ ಹಿಂದೆ ನಾನು ಪರಭಾರೆ ಮಾಡಿಬಿಟ್ಟಿದ್ದೆ! ಫ್ರೆಡ್ರಿಕ್ ಅಲ್ಲೇ ಕಾರಿನ ಬಾನೆಟ್ ಮೇಲೆ ಕರಾರುಪತ್ರ ಬರೆದ. "ಸದರಿ ಆಟಗಾರರಿಗೆ ಪ್ರತಿ ಶುಕ್ರವಾರ ಕ್ಯಾಪ್ಟನ್‌ರವರ ಸ್ವಗೃಹದಲ್ಲಿ ಹೊಟ್ಟೆ ತುಂಬುವವರೆಗೆ ಮುದ್ದೆ ಊಟ ಒದಗಿಸತಕ್ಕದ್ದು." ನಾನು ಸಂತೋಷದಿಂದ ಸಹಿ ಮಾಡಿದೆ. ಆ ಹೊಟ್ಟೆಯ ಅಳತೆ ನನಗೆ ಗೊತ್ತಿರಲಿಲ್ಲ.

ಮಂಡ್ಯಕ್ಕೆ ಫೋನ್ ಮಾಡಿ, "ಬರುವಾಗ ಸ್ವಲ್ಪ ಜಾಸ್ತಿ ರಾಗಿಹಿಟ್ಟು ತಗೊಂಬಾ" ಎಂದೆ.

"ಎಷ್ಟು?"

"ಒಂದು ಹದಿನೈದು ಕಿಲೋ."

"ನಾನು ಬರೋಷ್ಟರಲ್ಲಿ ಎಮ್ಮೆ ಏನಾದ್ರೂ ಕಟ್ಟಿದೀರಾ?" ಎಂದಳು.

ಆಗಸ್ಟ್ ಕೊನೆಗೆ ಅವಳು ಬಂದಳು. ವಿಷಯ ತಿಳಿದು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಶುಕ್ರವಾರ. ನಿಂಗರಾಜು ಬಂದ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಇಸ್ತ್ರಿ ಶರ್ಟು ಹಾಕಿಕೊಂಡು, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮೊದಲ ತುತ್ತು ಬಸ್ಸಾರಿನಲ್ಲಿ ಅದ್ದಿ ನುಂಗಿ ಕಣ್ಣು ಮುಚ್ಚಿದ.

"ಅಕ್ಕಾ, ನಮ್ಮವ್ವ ಮಾಡ್ದಂಗೇ ಅದೆ."

ಅಲ್ಲಿಗೆ ನನ್ನ ಕಥೆ ಮುಗಿಯಿತು. ಹನ್ನೊಂದು ವರ್ಷದ ದಾಂಪತ್ಯದಲ್ಲಿ ನಾನು ಗೀತಾಳ ಅಡುಗೆಯ ಬಗ್ಗೆ ಹೇಳಿದ್ದು "ಉಪ್ಪು ಒಂಚೂರು ಮುಂದಾಯ್ತು" ಎಂಬ ಒಂದೇ ಮಾತು. ಅವಳ ಕಣ್ಣಲ್ಲಿ ನೀರು ಬಂತು. ನಿಂಗರಾಜುವಿನ ತಟ್ಟೆಗೆ ಎರಡನೆಯ ಮುದ್ದೆ ಬಂತು. ಮೂರನೆಯದು, ನಾಲ್ಕನೆಯದೂ ಬಂತು. ನನ್ನ ತಟ್ಟೆಗೆ ಮಾತ್ರ ಯಾರೂ ಬರಲಿಲ್ಲ.

ಊಟ ಮುಗಿಸಿ, ಬಿಸಿಲು ತಗ್ಗಿದ ಕೂಡಲೇ ಅಭ್ಯಾಸಕ್ಕೆ ಹೋಗಬೇಕಿತ್ತು. "ಮುದ್ದೆ ಒಸಿ ಇಳೀಲಿ ಸಾ" ಎಂದು ನಿಂಗರಾಜು ಸೋಫಾದ ಮೇಲೆ ಒರಗಿದ. ಮುದ್ದೆ ಇಳಿಯಿತೋ ಇಲ್ಲವೋ, ಕತ್ತಲು ಇಳಿಯಿತು. ಮುಂದಿನ ವಾರವೂ ಅದೇ ಆಯಿತು. "ಅಪ್ಪಾ, ಅಂಕಲ್ ಈಸ್ ಸ್ಲೀಪಿಂಗ್ ಅಗೇನ್" ಎಂದು ಮಗಳು ಶುಕ್ರವಾರ ಶುಕ್ರವಾರ ವರದಿ ಒಪ್ಪಿಸುತ್ತಿದ್ದಳು.

ನಾಲ್ಕನೆಯ ವಾರ ಹೇಗೋ ಎಬ್ಬಿಸಿ ಮೈದಾನಕ್ಕೆ ಕರೆದೊಯ್ದೆವು. ಫ್ರೆಡ್ರಿಕ್ ರಿಜಿಸ್ಟರ್ ತೆರೆದು ನನ್ನ ಪಕ್ಕಕ್ಕೆ ಬಂದ. "ಮೊದ್ಲು ಹದಿನೆಂಟು ಹೆಜ್ಜೆ ಓಡ್ತಿದ್ದ. ಇವತ್ತು ಹನ್ನೊಂದಕ್ಕೇ ನಿಂತ. ಟೀ ಶರ್ಟಿನಲ್ಲಿ ಹೆಸರಿನ ಕೆಳಗೆ ಹೊಟ್ಟೆ ಕಾಣ್ತದೆ. ಎಂಥ ಮಾಡುದು?"

"ಶಕ್ತಿ ಉಳಿಸ್ತಿದಾನೆ ಕಣಯ್ಯ, ಸೀಸನ್‌ಗೆ!" ಎಂದು ನಾನು ತಜ್ಞನಂತೆ ನಕ್ಕೆ.

ಗೌರಿ ಗಣೇಶನ ಹಬ್ಬದ ಊಟ ಚಂದ್ರುವಿನ ಮನೆಯಲ್ಲಿ. ಕಪ್ಪು ಎದುರಿಗೇ ಇತ್ತು. ನನ್ನ ನಾಲಿಗೆ ತುರಿಸಿತು. "ಮೊದಲ ಪಂದ್ಯವೇ ನಿಮ್ಮ ಮೇಲೆ. ಅದರಲ್ಲಿ ಸೋತರೆ ನಾನು ಕ್ಯಾಪ್ಟನ್ ಪಟ್ಟ ಬಿಟ್ಟು ಸ್ಕೋರ್ ಬರೆಯಲು ಕೂರುತ್ತೇನೆ!" ಎಂದು ಎಲ್ಲರೆದುರು ಘೋಷಿಸಿಬಿಟ್ಟೆ.

"ಅಕ್ಷರ ಓದೋ ಹಾಗಿರ್ಲಿ" ಎಂದಳು ಗೀತಾ.

ಚಂದ್ರು ಮಾತ್ರ ಬಹಳ ವಿನಯದಿಂದ ಕೇಳಿದ. "ನಿಂಗರಾಜು ಚೆನ್ನಾಗಿ ಊಟ ಮಾಡ್ತಿದಾನಾ ಭಾವ?"

ಇವನಿಗೆ ಹೇಗೆ ಗೊತ್ತು ಎಂದು ನಾನು ಬೆಚ್ಚಿಬಿದ್ದೆ. ಬೆಚ್ಚಬೇಕಾದದ್ದೇನೂ ಇರಲಿಲ್ಲ. ಕುವೈತಿನಲ್ಲಿ ಮನೆಯ ಫೋನಿನಿಂದ ಲೋಕಲ್ ಕರೆ ಉಚಿತ. ಅಕ್ಕ ತಂಗಿ ದಿನಕ್ಕೆ ಎರಡು ಗಂಟೆ ಮಾತಾಡುತ್ತಿದ್ದರು. ನಮ್ಮ ತಂಡದ ಗುಪ್ತಸಮಾಲೋಚನೆಯೆಲ್ಲ ಹುಳಿಗೆ ಒಗ್ಗರಣೆ ಬೀಳುವ ಮೊದಲೇ ಫಿಂಟಾಸ್ ತಲುಪುತ್ತಿತ್ತು.

ಅಷ್ಟರಲ್ಲಿ ರಾಗಿ ಮುಗಿಯಿತು. ನಿಂಗರಾಜು ಒಬ್ಬನೇ ತಿಂದದ್ದಲ್ಲ, ಮೇಲ್ವಿಚಾರಣೆಗೆ ಎಂದು ಬಂದ ಫ್ರೆಡ್ರಿಕ್ ಮತ್ತು ಇಡೀ ತಂಡದ ಕೈವಾಡವೂ ಇತ್ತು. ಮಾರನೆಯ ದಿನವೇ ರೇಖಾ ಹತ್ತು ಕಿಲೋ ರಾಗಿಹಿಟ್ಟು ಕಳಿಸಿಕೊಟ್ಟಳು. ನನಗೆ ಆದ ಆನಂದ ಅಷ್ಟಿಷ್ಟಲ್ಲ. "ನೋಡಿದೆಯಾ ಫ್ರೆಡ್ರಿಕ್! ಶತ್ರುವಿನ ರಾಗಿ ತಿಂದು ಶತ್ರುವನ್ನೇ ಸೋಲಿಸುವುದು. ಇದಕ್ಕೆ ರಾಜತಂತ್ರ ಅಂತಾರೆ!"

ಪಂದ್ಯದ ದಿನ ಬಂತು. ಬೆಳಿಗ್ಗೆ ಎಂಟಕ್ಕೆ ಆಟ. ಹಾಗಾಗಿ ಊಟದ ಭಯವಿಲ್ಲ ಎಂದುಕೊಂಡು ಸ್ನಾನ ಮುಗಿಸಿ ಹೊರಬಂದರೆ, ನಿಂಗರಾಜು ಆಗಲೇ ಬಂದು ನೆಲದ ಮೇಲೆ ಕೂತಿದ್ದಾನೆ. ಎದುರಿಗೆ ತಟ್ಟೆ. ತಟ್ಟೆಯಲ್ಲಿ ಐದನೆಯ ಮುದ್ದೆ!

"ಇದೇನೇ ಗೀತಾ!"

"ಮಧ್ಯಾಹ್ನದ ಹೊತ್ತಿಗೆ ಆಟದಲ್ಲಿರ್ತಾನೆ, ಊಟ ತಪ್ಪತ್ತಲ್ಲ. ಕರಾರು ಮಾಡಿದೋರು ನೀವೇ ತಾನೇ? ಖಾಲಿ ಹೊಟ್ಟೇಲಿ ಓಡ್ತಾನೇನ್ರೀ?"

ತುಂಬಿದ ಹೊಟ್ಟೆಯಲ್ಲಿ ಹೇಗೆ ಓಡುತ್ತಾನೆ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಮುಖ ನೋಡಿ ಅಲ್ಲೇ ಕೂತಿತು.

ಫಿಂಟಾಸ್‌ನವರ ಬ್ಯಾಟಿಂಗ್ ಮೊದಲು. ಕ್ರೀಸಿನಲ್ಲಿ ಚಂದ್ರು. ನಿಂಗರಾಜು ಶಾಸ್ತ್ರೋಕ್ತವಾಗಿ ಹದಿನೆಂಟು ಹೆಜ್ಜೆ ಅಳೆದು, ಮರಳಿನಲ್ಲಿ ಬೂಟಿನಿಂದ ಗೆರೆ ಎಳೆದ. "ಯಲ್ಲಾ ನಿಂಗರಾಜು, ಯಲ್ಲಾ!" ಎಂದು ನಾನು ಅರಬ್ಬಿಯಲ್ಲಿ ಹುರಿದುಂಬಿಸಿದೆ. ಹೊರಟ. ಎಂಟು ಹೆಜ್ಜೆ ಓಡಿದ. ಮುಂದಿನ ನಾಲ್ಕು ಹೆಜ್ಜೆ ನಡೆದ. ಅಲ್ಲಿ ನಿಂತು ಸೊಂಟಕ್ಕೆ ಕೈಯಿಟ್ಟು ಉಸಿರು ತೆಗೆದುಕೊಂಡ. ಅಂಪೈರ್ ಕಾದರು. ಉಳಿದದ್ದನ್ನು ಹೇಗೋ ಪೂರೈಸಿ ಚೆಂಡು ಬಿಟ್ಟ. ಅದು ಎರಡು ಸಲ ನೆಲಕ್ಕೆ ಬಡಿದು, ವಿಳಾಸ ವಿಚಾರಿಸಿಕೊಂಡು ಚಂದ್ರುವಿನ ಹತ್ತಿರ ಹೋಯಿತು. ಚಂದ್ರು ಟೋಪಿ ಸರಿಮಾಡಿಕೊಂಡು ಅದನ್ನು ರಸ್ತೆಯಾಚೆ ಅಟ್ಟಿದ.

"ಎಂಥ ಇದು ಮಾರಾಯ್ರೆ!" ಎಂದು ವಿಕೆಟ್ಟಿನ ಹಿಂದಿನಿಂದ ಫ್ರೆಡ್ರಿಕ್ ಕೂಗಿದ. "ಬಾಲ್ ಬರುವಷ್ಟರಲ್ಲಿ ನನ್ನ ಜಪಮಾಲೆ ಒಂದು ಸುತ್ತು ಮುಗೀತದೆ!"

ತನ್ನ ಎರಡನೆಯ ಓವರಿನ ಮಧ್ಯೆ ನಿಂಗರಾಜು ಪಿಚ್ಚಿನ ಪಕ್ಕದಲ್ಲಿ ಕೂತುಬಿಟ್ಟ. "ಖಲಾಸ್ ಸಾ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಬೈಯಲು ಹತ್ತಿರ ಹೋದರೆ ಅವನ ಕಣ್ಣು ತುಂಬಿತ್ತು.

"ತಪ್ಪಾಯ್ತು ಸಾ. ಊರಿಗೋಗಿ ಮೂರ್ ವರ್ಷ ಆಯ್ತು. ಅಕ್ಕ ಇನ್ನೊಂದ್ ಆಕ್ಲಾ ಅಂದ್ರೆ ಬ್ಯಾಡ ಅನ್ನಕ್ಕೆ ಬಾಯೇ ಬರಲ್ಲ."

ಸಿಟ್ಟೆಲ್ಲ ಇಳಿದುಹೋಯಿತು. ಮೂರು ವರ್ಷ ಮನೆಯೂಟ ಕಾಣದವನಿಗೆ ಮುದ್ದೆ ತೋರಿಸಿ ಕರೆತಂದವನು ನಾನೇ. ಅವನ ಬೆನ್ನು ತಟ್ಟಿ ಬೌಂಡರಿಯ ನೆರಳಿಗೆ ಕಳಿಸಿ, ಅವನ ಪಾಲಿನ ಉಳಿದ ಓವರುಗಳನ್ನು ನಾನೇ ಎಸೆದೆ. ನಿಂಗರಾಜು ಕೂತಲ್ಲಿಂದಲೇ ಎಸೆದಿದ್ದರೂ ನನಗಿಂತ ಕಡಿಮೆ ರನ್ ಕೊಡುತ್ತಿದ್ದ ಎಂದು ಫ್ರೆಡ್ರಿಕ್ ಆಮೇಲೆ ರಿಜಿಸ್ಟರಿನಲ್ಲಿ ದಾಖಲಿಸಿದ. ನಾವು ಸೋತೆವು. ಸೋತೆವು ಎಂಬ ಪದದಲ್ಲಿ ಆ ಸೋಲು ಹಿಡಿಸುತ್ತಿರಲಿಲ್ಲ!

ಪಂದ್ಯ ಮುಗಿದ ಮೇಲೆ ಚಂದ್ರು ಬಂದು ಕೈಕುಲುಕಿದ. "ಅವನು ನನ್ನನ್ನೂ ಮುದ್ದೆ ಕೇಳಿದ್ದ ಭಾವ. ರೇಖಾನ ಕೇಳಿ ಹೇಳ್ತೀನಿ ಅಂದೆ. ಅವಳು ಆಗಲ್ಲ ಅಂದ್ಲು. ಮನೇಲಿ ರಾಗಿ ಸುಮ್ನೆ ಕೂತಿತ್ತು, ನಿಮಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ ಕಳಿಸ್ದೆ."

ಮರುದಿನ ಆಫೀಸಿನಲ್ಲಿ ಬಾಸ್ ಎಲ್ಲವನ್ನೂ ಕೇಳಿ ಬೆರಗಾದ. ಸಹಿ ಹಾಕಿಸುವ ಮುಂಚೆ ಅವರಲ್ಲಿ ಡಾಕ್ಟರು ಆಟಗಾರನನ್ನು ಪರೀಕ್ಷೆ ಮಾಡುತ್ತಾರಂತೆ. ಇದನ್ನು ಅವನು ಮೊದಲು ಹೇಳಿರಲಿಲ್ಲ.

ಮಾತಿನಂತೆ ನಾನು ಪಟ್ಟ ಬಿಟ್ಟೆ. ಒಬ್ಬರಾದರೂ "ಬೇಡಿ ಸಾರ್" ಎನ್ನಬಹುದು ಎಂದು ಸ್ವಲ್ಪ ಹೊತ್ತು ಕಾದೆ. ಅನ್ನಲಿಲ್ಲ. ಫ್ರೆಡ್ರಿಕ್ ಕ್ಯಾಪ್ಟನ್ ಆದ. ಗೀತಾಳನ್ನು ಸರ್ವಾನುಮತದಿಂದ ಮ್ಯಾನೇಜರ್ ಮಾಡಿದರು. ಅವಳು ಹೊರಡಿಸಿದ ಮೊದಲ ಆಜ್ಞೆ, "ಆಟ ಮುಗಿದ ಮೇಲೇ ಊಟ. ಒಂದು ವಿಕೆಟ್ಟಿಗೆ ಒಂದು ಮುದ್ದೆ." ಮೂರೇ ವಾರದಲ್ಲಿ ನಿಂಗರಾಜು ಹದಿನೆಂಟು ಹೆಜ್ಜೆಗೆ ಮರಳಿದ. ಮಾರ್ಚಿನಲ್ಲಿ ಕಪ್ಪು ನಮ್ಮ ಮನೆಗೆ ಬಂತು. ಅದನ್ನು ವಾರಕ್ಕೊಮ್ಮೆ ಒರೆಸುವ ಜವಾಬ್ದಾರಿಯನ್ನು ನನಗೆ ಒಪ್ಪಿಸಿದ್ದಾರೆ.

ಈಗ ಮತ್ತೆ ಬೇಸಿಗೆ. ಮತ್ತೆ ಎ.ಸಿ., ಸುಲೇಮಾನಿ, ವಾದ. ಗೀತಾಳನ್ನು ಹೇಗಾದರೂ ತಮ್ಮ ತಂಡಕ್ಕೆ ಹಾರಿಸಿಕೊಳ್ಳಲು ಫಿಂಟಾಸ್‌ನವರು ಹವಣಿಸುತ್ತಿದ್ದಾರೆಂದು ಗಾಳಿಸುದ್ದಿ. ಸ್ಕೋರ್ ಪುಸ್ತಕದಲ್ಲಿ ನನ್ನ ಅಕ್ಷರ ಓದಲಾಗುವುದಿಲ್ಲವೆಂದು ಮ್ಯಾನೇಜರ್ ನನ್ನನ್ನು ಆ ಕೆಲಸದಿಂದಲೂ ಬಿಡುಗಡೆ ಮಾಡಿದ್ದಾಳೆ. ಹಾಗಾಗಿ ಸದ್ಯಕ್ಕೆ ಇಡೀ ಕುವೈತಿನಲ್ಲಿ ಬಿಡುವಾಗಿರುವ ಫ್ರೀ ಏಜೆಂಟ್ ನಾನೊಬ್ಬನೇ. ಎರಡು ತಿಂಗಳಾಯಿತು, ಯಾವ ತಂಡದವರೂ ಒಂದು ಫೋನ್ ಮಾಡಿಲ್ಲ.

ಲೋಕಲ್ ಕರೆ ಉಚಿತವಾದರೂ!